ಶೈರ್‌ನಿಂದ ಮೊರ್ಡೋರ್‌ಗೆ ಕಾರಿನಲ್ಲಿ ಹೋಗಿದ್ದು

ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ದಕ್ಷಿಣಕ್ಕೆ ಸುಮಾರು ಎರಡು ಗಂಟೆ ಕಾರಿನಲ್ಲಿ ಹೋದರೆ ಮಾಟಮಾಟ ಅನ್ನುವ ಪುಟ್ಟ ಊರು ಸಿಗುತ್ತದೆ. ಸುತ್ತ ಹಸಿರು ದಿಬ್ಬಗಳು, ಕುರಿ, ದನ. 1998ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ತಂಡ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾಗಳಿಗೆ ಆಕಾಶದಿಂದ ಜಾಗ ಹುಡುಕುತ್ತಾ ಬಂದಾಗ ಅಲೆಕ್ಸಾಂಡರ್ ಕುಟುಂಬದ ಕುರಿ ಫಾರ್ಮ್ ಕಣ್ಣಿಗೆ ಬಿತ್ತು. ದಿಬ್ಬ ಇತ್ತು, ಕೆರೆ ಇತ್ತು, ಕೆರೆ ಪಕ್ಕ ಒಂದು ಭಾರಿ ಮರ ಇತ್ತು. ಜೆ.ಆರ್.ಆರ್. ಟೋಲ್ಕಿನ್ ಬರೆದ ಹಾಬಿಟ್‌ಗಳ ನಾಡು, ಅಂದರೆ ಶೈರ್, ಹಾಗೇ ಇರಬೇಕಿತ್ತು.

"ಮಾವ, ಹಾಬಿಟ್ ಅಂದ್ರೆ ಡ್ವಾರ್ಫ್‌ಗಳೇನಾ?" ಕಾರು ಓಡಿಸುತ್ತಿದ್ದ ತಂಗಿಯ ಮಗ ಕೇಳಿದ. ಅವನು ಆಕ್ಲೆಂಡ್‌ನಲ್ಲೇ ಬೆಳೆದ ಹುಡುಗ. ಸಿನಿಮಾಗಳನ್ನು ಅರ್ಧಂಬರ್ಧ ನೋಡಿದ್ದಾನೆ, ಪುಸ್ತಕ ಓದಿಲ್ಲ. "ಅಲ್ಲ ಕಣೋ, ಅವರೇ ಬೇರೆ, ಇವರೇ ಬೇರೆ" ಅಂತ ಶುರು ಮಾಡಿದೆ. ದಾರಿಯುದ್ದಕ್ಕೂ ಅದೇ ಮಾತು.

ಹಾಬಿಟ್‌ಗಳು ನಮ್ಮ ಅರ್ಧ ಎತ್ತರದವರು. ಚಪ್ಪಲಿ ಹಾಕುವುದಿಲ್ಲ, ಪಾದದ ಮೇಲೆ ಗುಂಗುರು ಕೂದಲು. ದಿಬ್ಬ ಕೊರೆದು ದುಂಡು ಬಾಗಿಲಿನ ಮನೆ ಮಾಡಿಕೊಳ್ಳುತ್ತಾರೆ. ತೋಟ, ಊಟ, ಬಿಯರ್, ಪೈಪ್, ಯಾರು ಯಾರಿಗೆ ಯಾವ ಕಡೆಯಿಂದ ನೆಂಟರು ಅನ್ನುವ ಲೆಕ್ಕ, ಇದರಲ್ಲೇ ಅವರಿಗೆ ಸುಖ. ಹುಟ್ಟುಹಬ್ಬ ಯಾರದೋ ಅವರೇ ಬಂದವರಿಗೆಲ್ಲ ಉಡುಗೊರೆ ಕೊಡಬೇಕು. ಡ್ವಾರ್ಫ್‌ಗಳು ಬೆಟ್ಟದ ಹೊಟ್ಟೆಯಲ್ಲಿ ಗಣಿ ತೋಡುವವರು, ಕಲ್ಲು ಲೋಹದ ಕೆಲಸದಲ್ಲಿ ಗಟ್ಟಿಗರು, ಹಗೆಯನ್ನು ಸುಲಭಕ್ಕೆ ಮರೆಯದವರು. ಮನುಷ್ಯರಲ್ಲೂ ಬಗೆಬಗೆ: ರೋಹನ್ ನಾಡಿನವರು ಹುಲ್ಲುಗಾವಲಲ್ಲಿ ಕುದುರೆ ಸಾಕುವ, ಹಿರಿಯರ ಕಥೆಯನ್ನು ಹಾಡಾಗಿ ಉಳಿಸಿಕೊಂಡವರು, ಗೊಂಡೋರ್‌ನವರದು ಕಲ್ಲಿನ ಕೋಟೆ, ಹಳೆಯ ಗ್ರಂಥ, ರಾಜನಿಲ್ಲದ ಸಿಂಹಾಸನ.

ಎಲ್ಫ್ ಅನ್ನುವ ಇನ್ನೊಂದು ಜನ ಇದ್ದಾರೆ, ಅವರಿಗೆ ಮುಪ್ಪಿಲ್ಲ. ಪ್ರಪಂಚ ಇರುವವರೆಗೂ ಅವರು ಅದರೊಳಗೇ ಇರಬೇಕು, ಎಲ್ಲ ಬದಲಾಗುವುದನ್ನು ನೋಡುತ್ತಾ. ಮನುಷ್ಯರಿಗೆ ಸಾವಿದೆ, ಮತ್ತು ಆ ಲೋಕದ ಕಥೆಯಲ್ಲಿ ಸಾವು ಸೃಷ್ಟಿಕರ್ತ ಇಲೂವತಾರ್ ಕೊಟ್ಟ ವರ. ಸೃಷ್ಟಿಯಾಗಿದ್ದೂ ಸಂಗೀತದಿಂದ. ಇಲೂವತಾರ್ ಒಂದು ಎಳೆ ಕೊಡುತ್ತಾನೆ, ದೇವತೆಗಳು ಅದನ್ನು ಬೆಳೆಸುತ್ತಾ ಹಾಡುತ್ತಾರೆ, ಅವರಲ್ಲೊಬ್ಬ ಮೆಲ್ಕೋರ್ ತನ್ನದೇ ರಾಗ ಜೋರಾಗಬೇಕು ಅಂತ ಅಪಸ್ವರ ಸೇರಿಸುತ್ತಾನೆ, ಆ ಅಪಸ್ವರವೂ ಸೇರಿಯೇ ಲೋಕ ಹುಟ್ಟುತ್ತದೆ. ಟೋಲ್ಕಿನ್ ಕಟ್ಟಿದ ಈ ಲೋಕದಲ್ಲಿ, ಅಂದರೆ ಇಡೀ ಮಿಡ್ಲ್ ಅರ್ಥ್‌ನಲ್ಲಿ, ನನಗೆ ತುಂಬಾ ಇಷ್ಟವಾದ ಕಥೆ ಇದು. ಯುದ್ಧಗಳಿಗಿಂತ ಜಾಸ್ತಿ ಇಷ್ಟ.

"ಇಷ್ಟೆಲ್ಲ ಒಬ್ಬರೇ ಹೆಣೆದಿದ್ದಾ?" ಅಂದ. ಹೌದು, ಒಬ್ಬರೇ. 1892ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಸೇರ್‌ಹೋಲ್ ಹಳ್ಳಿಯಲ್ಲಿ ಬಾಲ್ಯ ಕಳೆದ, ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಫಿನ್ನಿಷ್, ವೆಲ್ಷ್ ಭಾಷೆಗಳ ನಾದ ಮೆಚ್ಚಿ ಎಲ್ಫ್‌ಗಳಿಗೆ ಭಾಷೆಗಳನ್ನು ಕಟ್ಟಿದರು. ಆಡುವ ಜನರಿಲ್ಲದೆ ಭಾಷೆ ಬದುಕೀತೇ? ಜನ ಬಂದರು, ಜನರಿಗೊಂದು ಚರಿತ್ರೆ ಬಂತು. ಆ ಲೋಕ ಅಷ್ಟು ಗಟ್ಟಿಯಾಗಿ ನಿಂತಿರುವುದು ಇದರಿಂದ ಅಂತಲೇ ನನ್ನ ನಂಬಿಕೆ.

ಆ ಫಾರ್ಮ್‌ನಲ್ಲಿ ಕಟ್ಟಿದ ಹಾಬಿಟ್‌ಗಳ ಹಳ್ಳಿ ಹಾಬಿಟನ್‌ಗೆ ಸುಮ್ನೆ ಕಾರು ತೆಗೆದುಕೊಂಡು ಹೋಗಲು ಆಗುವುದಿಲ್ಲ. ಟಿಕೆಟ್ ತೆಗೆದುಕೊಂಡು ಅವರ ಬಸ್ಸಿನಲ್ಲೇ, ಗೈಡ್ ಜೊತೆಗೇ ಹೋಗಬೇಕು. 1999ರಲ್ಲಿ ಸೆಟ್ ಕಟ್ಟಲು ಶುರು ಮಾಡಿದಾಗ ಫಾರ್ಮ್‌ನೊಳಕ್ಕೆ ರಸ್ತೆ ಮಾಡಲು ನ್ಯೂಜಿಲೆಂಡ್ ಸೇನೆಯೇ ಬಂದಿತ್ತಂತೆ. ಆಗಿನದು ತಾತ್ಕಾಲಿಕ ಸೆಟ್. ಈಗ ನಾವು ನೋಡುವುದು ಮುಂದಿನ ಸಿನಿಮಾಗಳಿಗೆ ಬಾಳಿಕೆ ಬರುವ ಹಾಗೆ ಮತ್ತೆ ಕಟ್ಟಿದ್ದು, ಒಟ್ಟು 44 ಮನೆಗಳು. ಬಾಗಿಲುಗಳು ಒಂದೇ ಅಳತೆಯಲ್ಲಿಲ್ಲ. ಮಾಂತ್ರಿಕ ಗ್ಯಾಂಡಾಲ್ಫ್ ದೊಡ್ಡವನಾಗಿ ಕಾಣಬೇಕಾದ ಕಡೆ ಬಾಗಿಲು ಚಿಕ್ಕದು, ಹಾಬಿಟ್ ಪಾತ್ರಧಾರಿ ಚಿಕ್ಕವನಾಗಿ ಕಾಣಬೇಕಾದ ಕಡೆ ದೊಡ್ಡದು. ಹಗ್ಗದ ಮೇಲೆ ಪುಟ್ಟ ಅಂಗಿಗಳು ಒಣಗುತ್ತಿದ್ದವು, ಕಿಟಕಿಯಲ್ಲಿ ಜೇನಿನ ಸೀಸೆ, ಬೇಲಿಗೆ ಹತ್ತಿದ ಪಾಚಿ. ತರಕಾರಿ ತೋಟ ಮಾತ್ರ ನಿಜವಾದದ್ದು. ಬಿಲ್ಬೊ ಅನ್ನುವ ಹಾಬಿಟ್ ಮನೆ ಮೇಲಿನ ಓಕ್ ಮರ ಕೃತಕ, ಅದರ ಎಲೆಗಳನ್ನು ಒಂದೊಂದಾಗಿ ಕೈಯಲ್ಲೇ ಕಟ್ಟಿದ್ದಾರೆ. ಕ್ಯಾಮೆರಾದಲ್ಲಿ ಕೆಲವೇ ಕ್ಷಣ ಕಾಣುವ ಮರಕ್ಕೆ ಇಷ್ಟು ದುಡಿದವರ ಮೇಲೆ ನನಗೆ ತುಂಬ ಗೌರವ ಬಂತು. ಕೆರೆಯಾಚೆ ಗ್ರೀನ್ ಡ್ರ್ಯಾಗನ್ ಹೋಟೆಲಿನಲ್ಲಿ ಶುಂಠಿ ಬಿಯರ್ ಕೊಟ್ಟರು. ಚೆನ್ನಾಗಿತ್ತು.

ಅಲ್ಲಿಂದ ಮತ್ತೂ ದಕ್ಷಿಣಕ್ಕೆ, ಟೌಪೊ ಸರೋವರದ ದಂಡೆ ಹಿಡಿದು ಟೊಂಗರೀರೊ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಆ ಸರೋವರ ಕೂಡ ಜ್ವಾಲಾಮುಖಿ ಬಿಟ್ಟುಹೋದ ಹಳ್ಳ. ಹಸಿರು ಕಡಿಮೆಯಾಗುತ್ತಾ ಕಂದು ಹುಲ್ಲು, ಕರಿ ಕಲ್ಲು ಶುರುವಾದವು. ಆಮೇಲೆ ನೌರುಹೊಯಿ ಕಾಣಿಸಿತು, ಮಕ್ಕಳು ಬಿಡಿಸುವಂಥ ನೇರ ಶಂಕುವಿನ ಬೆಟ್ಟ, 2,287 ಮೀಟರ್ ಎತ್ತರ. ಸಿನಿಮಾದಲ್ಲಿ ಕೇಡಿನ ನಾಡು ಮೊರ್ಡೋರ್‌ನ ಬೆಂಕಿ ಬೆಟ್ಟ ಮೌಂಟ್ ಡೂಮ್ ಇದೇ. ದುಷ್ಟ ಸೌರಾನ್ ಉಂಗುರ ಎರಕ ಹೊಯ್ದದ್ದು ಈ ಬೆಂಕಿಯಲ್ಲಿ, ಹಾಬಿಟ್ ಫ್ರೋಡೊ ಆ ಉಂಗುರವನ್ನು ನಾಶ ಮಾಡಲು ಹೊತ್ತು ಬರಬೇಕಾದದ್ದೂ ಇಲ್ಲಿಗೇ. ಎಲ್ಲರನ್ನೂ ಆಳುವ ಆಸೆ ಅನ್ನುವುದು ಆ ಉಂಗುರದೊಳಗೆ ಕೂತಿದೆ, ಒಳ್ಳೆಯವರು ಹಾಕಿಕೊಂಡರೂ ಕೆಡುತ್ತಾರೆ, ಅದಕ್ಕೇ ಅಧಿಕಾರದ ಹಸಿವು ಅಷ್ಟಾಗಿ ಇಲ್ಲದ ಹಾಬಿಟ್ ಕೈಗೆ ಅದು ಬಂತು ಅಂತ ನಾನು ಹೇಳುತ್ತಿದ್ದೆ.

"ಮಾವ, ಈ ಬೆಟ್ಟದ್ದು ಬೇರೆ ಕಥೆ ಇದೆ. ನಮ್ಮ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು" ಅಂದ. ಈಗ ಹೇಳುವ ಸರದಿ ಅವನದು.

ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಹಿರಿಯ, ಪುರೋಹಿತ ನಾಟೊರೊಇರಾಂಗಿ ಈ ಬೆಟ್ಟ ಹತ್ತಿದಾಗ ಚಳಿಗೆ ಸಾಯುವ ಹಾಗಾಯಿತಂತೆ. ಸಮುದ್ರದಾಚೆ ಮೂಲನಾಡು ಹವೈಕಿಯಲ್ಲಿದ್ದ ಅಕ್ಕತಂಗಿಯರನ್ನು ಕೂಗಿ ಬೆಂಕಿ ಕಳಿಸಿ ಅಂತ ಬೇಡಿದ. ಅವರು ಕಳಿಸಿದ ಬೆಂಕಿ ನೆಲದಡಿ ಹರಿದು, ಫಕಾರಿ ದ್ವೀಪದಲ್ಲೊಮ್ಮೆ, ರೊಟೊರುವಾದಲ್ಲೊಮ್ಮೆ ತಲೆ ಎತ್ತಿ, ಕೊನೆಗೆ ಈ ಬೆಟ್ಟದಲ್ಲಿ ಉಕ್ಕಿ ಅವನ ಜೀವ ಉಳಿಸಿತು. ಇನ್ನೊಂದು ಕಥೆಯಲ್ಲಿ ಬೆಟ್ಟಗಳೇ ಗಂಡಸರು. ಪಿಹಂಗಾ ಅನ್ನುವ ಚೆಲುವೆ ಬೆಟ್ಟಕ್ಕಾಗಿ ಟೊಂಗರೀರೊ, ಟರನಾಕಿ ಕಾದಾಡಿದರು. ಸೋತ ಟರನಾಕಿ ಪಶ್ಚಿಮದ ಕಡಲಿನತ್ತ ಓಡಿಹೋದ. ಅವನು ನೆಲ ಸೀಳಿಕೊಂಡು ಹೋದ ಜಾಡಿನಲ್ಲೇ ಫಂಗನುಯಿ ನದಿ ಹರಿಯುತ್ತಿದೆ. ಆ ನದಿಯನ್ನು 2017ರಲ್ಲಿ ಕಾನೂನು ಒಬ್ಬ ವ್ಯಕ್ತಿ ಅಂತಲೇ ಒಪ್ಪಿಕೊಂಡಿದೆ.

ನಾನು ಸುಮ್ಮನಾದೆ. ಟೋಲ್ಕಿನ್ ಕಥೆಯ ಬೆಂಕಿ ಆಳುವುದಕ್ಕೆ ಹುಟ್ಟಿದ್ದು, ಇಲ್ಲಿಯ ಬೆಂಕಿ ಸಾಯುವವನನ್ನು ಉಳಿಸಲು ಸೋದರಿಯರು ಕಳಿಸಿದ್ದು. ಸಿನಿಮಾ ಕೇಡಿನ ಮನೆ ಮಾಡಿದ ಬೆಟ್ಟ ಇಲ್ಲಿಯವರಿಗೆ ಪೂರ್ವಜ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇದನ್ನು ಹೇಳಿದರೆ ವಿವರಿಸಬೇಕಾಗಿಯೇ ಇಲ್ಲ ಅಲ್ವಾ? 1887ರಲ್ಲಿ ನಾಟಿ ಟೂಫರೆಟೊವಾ ಬುಡಕಟ್ಟಿನ ಮುಖ್ಯಸ್ಥರು ಈ ಶಿಖರಗಳು ತುಂಡು ತುಂಡಾಗಿ ಮಾರಾಟವಾಗಬಾರದು ಅಂತ ಸರ್ಕಾರಕ್ಕೆ ಒಪ್ಪಿಸಿದರು. ಅದೇ ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನಕ್ಕೆ ಬುನಾದಿ. 1993ರಲ್ಲಿ ಯುನೆಸ್ಕೊ ಇದನ್ನು ಸಾಂಸ್ಕೃತಿಕ ಭೂದೃಶ್ಯ ಅಂತ ಗುರುತಿಸಿತು. ಆ ವಿಭಾಗದಲ್ಲಿ ಜಗತ್ತಿನಲ್ಲೇ ಮೊದಲನೆಯದು. ಸಿನಿಮಾದವರಿಗೂ ತುದಿಯಲ್ಲಿ ಶೂಟಿಂಗ್ ಮಾಡಲು ಅನುಮತಿ ಸಿಗಲಿಲ್ಲ. ಮೊರ್ಡೋರ್‌ನ ಬಂಡೆ ದೃಶ್ಯಗಳನ್ನು ಪಕ್ಕದ ರುವಪೆಹು ಬೆಟ್ಟದಲ್ಲಿ ತೆಗೆದರು.

ಮಾಂಗಟೆಪೊಪೊ ಕಣಿವೆಯಿಂದ ಕೆಟೆಟಾಹಿವರೆಗೆ ಸುಮಾರು 20 ಕಿ.ಮೀ. ನಡೆಯುವ ದಾರಿ ಇದೆ. ಕೆಂಪು ಕುಳಿಯ ಅಂಚು ದಾಟಿ ಸಡಿಲ ಬೂದಿ ಕಲ್ಲಿನ ಮೇಲೆ ಇಳಿಯುವಾಗ ಕೆಳಗೆ ಪಚ್ಚೆ ಬಣ್ಣದ ಕೊಳಗಳು, ಗಂಧಕದ ವಾಸನೆ, ಬಿಸಿ ಉಗಿ. ಕೊಳದ ನೀರು ಮುಟ್ಟಬೇಡಿ, ಶಿಖರ ಹತ್ತಬೇಡಿ ಅಂತ ಅಲ್ಲಿಯ ಜನ ಕೇಳಿಕೊಳ್ಳುತ್ತಾರೆ. ಮೌಂಟ್ ಡೂಮ್ ಹತ್ತಿದೆ ಅಂತ ಹೇಳಿಕೊಳ್ಳುವ ಆಸೆಗೆ ಮೊದಲು ತುಂಬ ಮಂದಿ ನೌರುಹೊಯಿ ಹತ್ತುತ್ತಿದ್ದರು. ಈಗ ತುದಿಗೆ ದಾರಿ ತೋರಿಸುವ ಫಲಕಗಳನ್ನೇ ತೆಗೆದಿದ್ದಾರೆ. ದಯವಿಟ್ಟು ಹತ್ತಬೇಡಿ. ಬುಡದಿಂದ ನೋಡಿದರೂ ಮೊರ್ಡೋರ್ ಪೂರ್ತಿ ಕಾಣುತ್ತದೆ.

ಹೋಗುವುದಾದರೆ ಅಲ್ಲಿಯ ಬೇಸಿಗೆ, ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಶುರುವಾಗುವ ಜಾಗ ಬೇರೆ, ಮುಗಿಯುವ ಜಾಗ ಬೇರೆ, ಹಾಗಾಗಿ ಶಟಲ್ ಬಸ್ ಮೊದಲೇ ಬುಕ್ ಮಾಡಿ. ಗಾಳಿ ಜೋರಾದರೆ ಅವರು ರದ್ದು ಮಾಡುತ್ತಾರೆ, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ ಮೇಲೆ ಕೊರೆಯುವ ಚಳಿ ಇರುತ್ತದೆ, ಸ್ವೆಟರ್, ಮಳೆ ಕೋಟು ಬೇಕೇ ಬೇಕು.