ಐವತ್ತೊಂದು ಪಾಲು ಕಾಫಿ

2019ರ ಶರತ್ಕಾಲದಲ್ಲಿ ಮಗಳ ಮನೆಯೆಂದು ಬರ್ಲಿನ್ನಿಗೆ ಹೋಗಿ ಮೂರು ತಿಂಗಳು ಇದ್ದಾಗ ನನಗೆ ದೊರೆತ ಒಬ್ಬರೇ ಒಬ್ಬರು ಗೆಳತಿಯೆಂದರೆ, ಕೆಳಗಿನ ಮಹಡಿಯಲ್ಲಿ ಒಂಟಿಯಾಗಿದ್ದ, ಎಪ್ಪತ್ತರ ಅಂಚಿನ ಹೆಂಗಸು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಬಾರದು. ಮಗಳು ಕೆಲಸದಿಂದ ಬಂದ ಮೇಲೆ ನಮ್ಮ ಮಾತು ಶುರುವಾಗುತ್ತಿತ್ತು. ಅಲ್ಲಿಯವರೆಗೆ, ಊರಿನಿಂದ ಒಯ್ದಿದ್ದ ಪುಡಿಯಲ್ಲಿ ನಾನು ಡಿಕಾಕ್ಷನ್ ಇಳಿಸಿ ಕೊಡುತ್ತಿದ್ದ ಕಾಫಿಯನ್ನು ಅವರು ಎರಡೆರಡು ಲೋಟ ಕುಡಿದು, ಕಣ್ಣುಮುಚ್ಚಿ ತಲೆಯಾಡಿಸುತ್ತ ಕೂತಿರುತ್ತಿದ್ದರು.

ನಾನು ಭದ್ರಾವತಿಯವಳು, ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಕಾರ್ಖಾನೆಯ ಸೈರನ್ ಕೇಳುತ್ತ ಬೆಳೆದವಳು ಎಂದು ಮಗಳು ಒಂದು ಸಂಜೆ ಹೇಳಿದಾಗ ಅವರು ಲೋಟವನ್ನು ಕೆಳಗಿಟ್ಟು ನೆಟ್ಟಗೆ ಕೂತರು. ಅವರ ಊರೂ ಕಬ್ಬಿಣದ್ದೇ. ಪೋಲೆಂಡಿನ ಗಡಿಯ ಓಡರ್ ನದಿಯ ಬಳಿ, 1950ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಊದುಕುಲುಮೆಗಳ ಜೊತೆಗೇ ನಕ್ಷೆ ಹಾಕಿ ಎಬ್ಬಿಸಿದ ಪಟ್ಟಣ. ಮೊದಲು ಅದಕ್ಕೆ ಸ್ಟಾಲಿನ್ನನ ಹೆಸರಿತ್ತು; 1961ರಲ್ಲಿ ಆ ಹೆಸರನ್ನು ಕಿತ್ತು ಐಸನ್‌ಹ್ಯೂಟನ್‌ಷ್ಟಾಟ್, ಎಂದರೆ ಕಬ್ಬಿಣದ ಕಾರ್ಖಾನೆಯ ಊರು, ಎಂದು ಕರೆದರು. ಅಲ್ಲೀಗ ಹಳೆಯ ದಿನಬಳಕೆಯ ಸಾಮಾನುಗಳ ಒಂದು ಸಂಗ್ರಹಾಲಯವಿದೆ, ಮುಂದಿನ ಶನಿವಾರ ನಿಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು.

ರೈಲಿನಲ್ಲಿ ಒಂದೂವರೆ ಗಂಟೆಯ ಹಾದಿ. ಊರು ನಾನೆಣಿಸಿದಂತೆ ಬೂದುಬಣ್ಣದ ಪೆಟ್ಟಿಗೆಗಳ ಸಾಲಾಗಿರಲಿಲ್ಲ. ಅಗಲವಾದ ಬೀದಿಗಳು, ಮನೆಗಳ ನಡುವೆ ದೊಡ್ಡ ಅಂಗಳಗಳು, ಕಮಾನು ಬಾಗಿಲುಗಳು. ಮೊದಲು ಲೆನಿನ್ ಹೆಸರಿದ್ದ ಮುಖ್ಯ ಬೀದಿಗೆ ಈಗ ಲಿಂಡನ್ ಮರದ ಹೆಸರು. ಆದರೆ ಶನಿವಾರ ಮಧ್ಯಾಹ್ನ ಆ ಬೀದಿಯಲ್ಲಿ ಜನರೇ ಇರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಐವತ್ತು ಸಾವಿರ ದಾಟಿದ್ದ ಜನಸಂಖ್ಯೆ ಈಗ ಅರ್ಧಕ್ಕೆ ಇಳಿದಿದೆಯಂತೆ. ಕಾರ್ಖಾನೆ ಸೊರಗಿದರೆ ಊರಿಗೆ ಏನಾಗುತ್ತದೆ ಎಂಬುದನ್ನು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲವಾದ್ದರಿಂದ ನಾನು ಹೆಚ್ಚು ಕೇಳಲಿಲ್ಲ.

ಸಂಗ್ರಹಾಲಯವಿರುವುದು ಹಿಂದೆ ಶಿಶುವಿಹಾರವಾಗಿದ್ದ ಕಟ್ಟಡದಲ್ಲಿ. ಮೆಟ್ಟಿಲು ಹತ್ತುವಾಗ ವಾಲ್ಟರ್ ವೊಮಾಕಾ ಎಂಬ ಕಲಾವಿದ ರಚಿಸಿದ ಬಣ್ಣದ ಗಾಜಿನ ದೊಡ್ಡ ಕಿಟಕಿ ಎದುರಾಗುತ್ತದೆ. ಅದರ ತುಂಬ ಆಡುವ ಮಕ್ಕಳು. 1974ರಲ್ಲಿ ತಮ್ಮ ಮಗನನ್ನು ಬೆಳಿಗ್ಗೆ ಪಾಳಿಗೆ ಮುಂಚೆ ಇದೇ ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗಿ ಬಿಡುತ್ತಿದ್ದುದಾಗಿ ನಮ್ಮ ಗೆಳತಿ ಹೇಳಿದರು. ಒಳಗಿರುವ ಸಾಮಾನುಗಳಲ್ಲಿ ಬಹುಪಾಲು ಜನರೇ ತಂದುಕೊಟ್ಟವು. ದೇಶವೇ ಇಲ್ಲವಾದ ಮೇಲೆ ಅದರ ಮಿಕ್ಸರು, ರೇಡಿಯೋ, ಏಪ್ರನ್ನುಗಳನ್ನು ಬೀದಿಯ ಕಸಕ್ಕೆ ಹಾಕುತ್ತಿದ್ದ ಕಾಲದಲ್ಲಿ, ಎಸೆಯಬೇಡಿ, ನಮಗೆ ಕೊಡಿ ಎಂದು ಕೇಳಿ 1993ರಿಂದ ಕೂಡಿಸತೊಡಗಿದ ಸಂಗ್ರಹ ಇದು.

ಕೋಳಿಯ ಆಕಾರದ, ಬಣ್ಣಬಣ್ಣದ ಪ್ಲಾಸ್ಟಿಕ್ ಮೊಟ್ಟೆಬಟ್ಟಲುಗಳ ಎದುರು ಇಬ್ಬರು ಹುಡುಗರು ಫೋಟೋ ತೆಗೆಯುತ್ತ ನಗುತ್ತಿದ್ದರು. ನಮ್ಮ ಗೆಳತಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ರಸಾಯನಶಾಸ್ತ್ರವು ಅನ್ನ, ಸುಖ ಮತ್ತು ಸೌಂದರ್ಯವನ್ನು ಕೊಡುತ್ತದೆ ಎಂದು 1958ರಲ್ಲಿ ಆ ಸರ್ಕಾರ ಘೋಷಿಸಿತ್ತು. ಉಕ್ಕಿಗೂ ಡಾಲರಿಗೂ ಬರವಿದ್ದ ದೇಶಕ್ಕೆ ಪ್ಲಾಸ್ಟಿಕ್ಕು ಬಡತನದ ಗುರುತಾಗಿರದೆ ನಾಳೆಯ ಗುರುತಾಗಿತ್ತು. ಅಲ್ಲಿನ ಕೃತಕ ನೂಲಿಗೆ ದೇಶದ ಹೆಸರಿನ ಮೂರು ಅಕ್ಷರಗಳಾದ ಡಿ.ಡಿ.ಆರ್.ನಿಂದಲೇ ಡೆಡೆರಾನ್ ಎಂಬ ಹೆಸರು ಕಟ್ಟಿದ್ದರು. ಆ ಬಟ್ಟೆಯ ಹೂವಿನ ಏಪ್ರನ್ ಒಂದು ಗಾಜಿನ ಪೆಟ್ಟಿಗೆಯಲ್ಲಿ ತೂಗುತ್ತಿತ್ತು. "ನನ್ನದು ಇನ್ನೂ ಅಡುಗೆಮನೆಯ ಬಾಗಿಲ ಹಿಂದಿದೆ, ಇವರು ಯಾಕೆ ಇದಕ್ಕೆ ದೀಪ ಹಾಕಿದ್ದಾರೆ?" ಎಂದು ಅವರು ಮಗಳನ್ನು ಕೇಳಿದರು.

ನನಗೆ ಅಲ್ಲಿ ಮೊದಲು ಗುರುತು ಹತ್ತಿದ್ದು ಓರ್ವೋ ಫಿಲ್ಮಿನ ಡಬ್ಬಿ. ವೋಲ್ಫೆನ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಆ ಫಿಲ್ಮು ನಮ್ಮಲ್ಲಿಗೂ ಬರುತ್ತಿತ್ತು. ಚಿಕ್ಕಪ್ಪನ ಸ್ಟುಡಿಯೋದಿಂದ ತಂದ ಖಾಲಿ ಡಬ್ಬಿಗಳಲ್ಲಿ ಅಮ್ಮ ಕುಂಕುಮ ತುಂಬಿಡುತ್ತಿದ್ದರು. ಅದನ್ನು ಹೇಳಿದಾಗ ಗೆಳತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಮ್ಮ ದೇಶದ ವಸ್ತುವೊಂದು ದೂರದ ಯಾವುದೋ ದೇವರ ಗೂಡಿನಲ್ಲಿತ್ತು ಎಂಬುದನ್ನು ಪಕ್ಕದಲ್ಲಿ ನಿಂತಿದ್ದ ಅಪರಿಚಿತರಿಗೂ ತಿಳಿಸಿದರು.

ಸಾಮಾನುಗಳ ಮೈಮೇಲೆಯೇ ಬೆಲೆಯನ್ನು ಅಚ್ಚೊತ್ತಿರುವುದು ಇನ್ನೊಂದು ಸೋಜಿಗ. ಕಡಲ ದಡದ ರೋಸ್ಟಾಕಿನಲ್ಲಾಗಲಿ, ದಕ್ಷಿಣದ ಗುಡ್ಡಗಾಡಿನಲ್ಲಾಗಲಿ ಬೆಲೆ ಒಂದೇ. ಬನ್ನಿನಂಥ ಸಣ್ಣ ರೊಟ್ಟಿಗೆ ಐದು ಫೆನ್ನಿಗ್. ವರ್ಷಗಳು ಉರುಳಿದರೂ ಅದು ಏರಲಿಲ್ಲ. ಬೆಲೆ ಗೊತ್ತು, ಕೈಯಲ್ಲಿ ಹಣವೂ ಉಂಟು, ಆದರೆ ಸಾಮಾನು ಉಂಟೋ ಇಲ್ಲವೋ ಎಂಬುದೇ ಪ್ರಶ್ನೆ. ಗುರುತಿನವರಿಗಾಗಿ ಅಂಗಡಿಯಾಕೆ ಬಾಗಿ ಕೌಂಟರಿನ ಅಡಿಯಿಂದ ತೆಗೆದುಕೊಡುತ್ತಿದ್ದುದಕ್ಕೆ ಅವರ ಭಾಷೆಯಲ್ಲಿ "ಬಾಗುವ ಸಾಮಾನು" ಎಂದೇ ಹೆಸರಿತ್ತಂತೆ. ನಮ್ಮ ಬಾಲ್ಯದ ಸೊಸೈಟಿಯಲ್ಲಿ ಸಕ್ಕರೆ "ಸ್ಟಾಕ್ ಇಲ್ಲ" ಎಂದು ಬರೆದ ಹಲಗೆಯ ಹಿಂದಿನಿಂದಲೇ ಯಾರದೋ ಚೀಲಕ್ಕೆ ಸುರಿಯುವ ಸದ್ದು ಕೇಳಿಬರುತ್ತಿತ್ತು. ನಮಗೆ ಅದಕ್ಕೊಂದು ಹೆಸರು ಹೊಳೆದಿರಲಿಲ್ಲ, ಅಷ್ಟೇ. ಅಪ್ಪ ಸ್ಕೂಟರಿಗೆ ಹಣ ಕಟ್ಟಿ ಏಳು ವರ್ಷ ಕಾದರು ಎಂದು ನಾನು ದೊಡ್ಡ ಸಂಗತಿಯೆಂಬಂತೆ ಹೇಳಿದೆ. ಗೆಳತಿಯ ಗಂಡ ಟ್ರಬಾಂಟ್ ಕಾರಿಗೆ ಕಾದದ್ದು ಹದಿಮೂರು ವರ್ಷ. ಸೋವಿಯತ್ ಒಕ್ಕೂಟದಿಂದ ತರಿಸಿದ ಹತ್ತಿಯ ಚಿಂದಿಯನ್ನು ರಾಳದಲ್ಲಿ ಒತ್ತಿ ಅದರ ಮೈಯನ್ನು ಮಾಡುತ್ತಿದ್ದರು. ಕಾಯಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಬಳಸಿದ ಕಾರು ಹೊಸದಕ್ಕಿಂತ ದುಬಾರಿಯಾಗಿತ್ತು.

ಇಲ್ಲಿ ನನ್ನದೊಂದು ಮಾತು. ಈ ವಸ್ತುಗಳನ್ನು ಬರೀ ಹಾಸ್ಯದ ಸರಕಾಗಿ ನೋಡುವವರು ಅಲ್ಲಿದ್ದ ಬಿಯರ್ ಗ್ಲಾಸನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು. ಗಾಜಿನ ಮೇಲ್ಮೈಯ ಸೋಡಿಯಂ ಅಯಾನುಗಳನ್ನು ತೆಗೆದು ಅವುಗಳ ಜಾಗಕ್ಕೆ ದೊಡ್ಡದಾದ ಪೊಟ್ಯಾಸಿಯಂ ಅಯಾನುಗಳನ್ನು ತುರುಕಿ ಬಿಗಿಗೊಳಿಸಿದ, ಬಿದ್ದರೂ ಸುಲಭಕ್ಕೆ ಒಡೆಯದ ಸೂಪರ್‌ಫೆಸ್ಟ್ ಗಾಜು ಅದು. ಷ್ವೆಪ್ನಿಟ್ಸ್ ಎಂಬಲ್ಲಿ 1980ರಿಂದ ಹತ್ತು ವರ್ಷಗಳಲ್ಲಿ ಹತ್ತು ಕೋಟಿಗೂ ಹೆಚ್ಚು ಗ್ಲಾಸುಗಳನ್ನು ಮಾಡಿದರು. ಪಶ್ಚಿಮದ ಮಾರುಕಟ್ಟೆಯಲ್ಲಿ ಅದನ್ನು ಕೊಳ್ಳಲು ವ್ಯಾಪಾರಿಗಳು ಮುಂದೆ ಬರಲಿಲ್ಲ. ಒಡೆಯದ ಗ್ಲಾಸನ್ನು ಜನ ಎರಡನೆಯ ಸಲ ಕೊಳ್ಳುವುದಿಲ್ಲವಲ್ಲ. ಹೊಸದು ಸಿಗುವುದೇ ಕಷ್ಟವಾದ ಕಡೆ ಇದ್ದದ್ದು ಬಾಳಿಕೆ ಬರಲೇಬೇಕಾಗಿತ್ತು ಎಂಬುದೂ ನಿಜ.

ಕಾಫಿಯ ಪೊಟ್ಟಣದ ಹತ್ತಿರ ನಾವು ಬಂದದ್ದು ಕೊನೆಗೆ. ಬ್ರೆಜಿಲ್ಲಿನಲ್ಲಿ 1975ರಲ್ಲಿ ಬಿದ್ದ ಹಿಮ ಕಾಫಿ ತೋಟಗಳನ್ನು ಸುಟ್ಟು ಜಗತ್ತಿನ ಬೆಲೆ ಗಗನಕ್ಕೇರಿದಾಗ, ವಿದೇಶಿ ವಿನಿಮಯವಿಲ್ಲದ ಪೂರ್ವ ಜರ್ಮನಿ 1977ರಲ್ಲಿ ತನ್ನ ಅಗ್ಗದ ಕಾಫಿಯನ್ನು ನಿಲ್ಲಿಸಿ, ಐವತ್ತೊಂದು ಪಾಲು ಕಾಫಿಗೆ ನಲವತ್ತೊಂಬತ್ತು ಪಾಲು ಚಿಕೋರಿ, ರೈ ಮುಂತಾದವನ್ನು ಬೆರೆಸಿದ ಪುಡಿಯನ್ನು ಅಂಗಡಿಗಳಿಗೆ ಕಳಿಸಿತು. ಜನ ರೇಗಿದರು. ಪಶ್ಚಿಮದ ಪ್ರಸಿದ್ಧ ಕಾಫಿಯೊಂದರ ಹೆಸರಿಗೆ ತಮ್ಮ ನಾಯಕ ಎರಿಕ್ ಹೊನೆಕರನ ಹೆಸರು ಅಂಟಿಸಿ ಅದನ್ನು "ಎರಿಕ್‌ನ ಕಿರೀಟಧಾರಣೆ" ಎಂದು ಹಂಗಿಸಿದರು. ಸರ್ಕಾರಕ್ಕೆ ದೂರಿನ ಪತ್ರಗಳು ರಾಶಿಯಾಗಿ ಬಿದ್ದವು. ಪಕ್ಷದ ನಿಷ್ಠಾವಂತ ಸದಸ್ಯೆಯಾಗಿದ್ದ, ಯಾವುದಕ್ಕೂ ಬಾಯಿ ತೆರೆಯದ ತಮ್ಮ ತಾಯಿ ಜೀವನದಲ್ಲಿ ಬರೆದ ಏಕೈಕ ದೂರು ಅದೇ ಎಂದು ಗೆಳತಿ ಹೇಳಿದರು. ಆ ಪುಡಿ ಬಹಳ ಕಾಲ ಉಳಿಯಲಿಲ್ಲ.

ಅವರ ಅಣ್ಣ 1961ರ ಜುಲೈಯಲ್ಲಿ, ಬರ್ಲಿನ್ನಿನ ಗೋಡೆ ಏಳುವುದಕ್ಕೆ ಮೂರು ವಾರ ಮೊದಲು, ಪಶ್ಚಿಮಕ್ಕೆ ಹೋಗಿಬಿಟ್ಟಿದ್ದ. ಅಲ್ಲಿಂದಾಚೆಗೆ ಅವನೆಂದರೆ ವರ್ಷಕ್ಕೆರಡು ಪಾರ್ಸೆಲ್: ಮೇಲೆ "ಉಡುಗೊರೆ, ಮಾರಾಟದ ಸರಕಲ್ಲ" ಎಂಬ ಬರಹ, ಯಾರೋ ಬಿಚ್ಚಿ ಮತ್ತೆ ಕಟ್ಟಿದ ಗುರುತು, ಒಳಗೆ ಕಾಫಿ. ಪಾರ್ಸೆಲ್ ಬಂದ ದಿನ ಮೆಟ್ಟಿಲಸಾಲಿನ ತುಂಬ ಪರಿಮಳ ಹರಡಿ ನೆರೆಯವರಿಗೆಲ್ಲ ವಿಷಯ ತಿಳಿಯುತ್ತಿತ್ತು. ತಾಯಿ ಅದನ್ನು ಭಾನುವಾರಕ್ಕೆಂದು ಚಮಚದಲ್ಲಿ ಅಳೆದು ತೆಗೆಯುತ್ತಿದ್ದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಫಿಗೆ ಚಿಕೋರಿ ಬೆರೆಸುವಲ್ಲಿ ನಮ್ಮ ದೇಶದ ಕಾನೂನು ಹಾಕಿರುವ ಗೆರೆಯೂ ಅದೇ, ಕಾಫಿ ಐವತ್ತೊಂದಕ್ಕೆ ಕಡಿಮೆಯಾಗಕೂಡದು; ಅವರು ಮೂರು ವಾರಗಳಿಂದ ಕಣ್ಣುಮುಚ್ಚಿ ಕುಡಿಯುತ್ತಿದ್ದ ನಮ್ಮ ಪುಡಿಯಲ್ಲಿ ನಲವತ್ತು ಪಾಲು ಚಿಕೋರಿಯೇ. "ಹೇಳಿಬಿಡು," ಎಂದೆ ಮಗಳಿಗೆ. "ಅಮ್ಮ, ಈಗ ಬೇಕಾ?" ಎಂದಳು. ಹೇಳಿದಳು. ಅವರು ನನ್ನ ಮುಖವನ್ನೂ ಗಾಜಿನೊಳಗಿನ ಪೊಟ್ಟಣವನ್ನೂ ಒಮ್ಮೆ ನೋಡಿ ಕಾವಲುಗಾರ ತಿರುಗುವಷ್ಟು ಜೋರಾಗಿ ನಕ್ಕರು. "ಹಾಗಾದರೆ ಬೆರಕೆಯಲ್ಲಿ ನಿಮ್ಮವರಿಗಿಂತ ನಮ್ಮ ಎರಿಕ್ ಒಂಬತ್ತು ಪಾಲು ಹೆಚ್ಚು ಉದಾರಿ!" ರೈಲಿನಲ್ಲಿ ಹಿಂದಿರುಗುವಾಗಲೂ ನೆನೆಸಿಕೊಂಡು ನಕ್ಕರು.

ಮರುದಿನ ಭಾನುವಾರ ಎಂದಿನಂತೆ ನಾಲ್ಕು ಗಂಟೆಗೆ ಬಂದರು. ನಾನು ಫಿಲ್ಟರಿಗೆ ಪುಡಿ ತುಂಬಲು ಹೊರಟಾಗ ನನ್ನ ಮೊಣಕೈ ಮುಟ್ಟಿ, ಶೆಲ್ಫಿನ ಮೇಲಿದ್ದ ಚಹಾದ ಡಬ್ಬಿಯತ್ತ ಬೆರಳು ತೋರಿಸಿದರು.