ದೊಡ್ಡ ಹೋಟೆಲ್ ಹುಡುಕಿಕೊಂಡು ಹುಬ್ಬಳ್ಳಿಗೆ

ಹುಬ್ಬಳ್ಳಿಯಲ್ಲಿ ರೈಲಿನಿಂದ ಇಳಿದು ನಿಲ್ದಾಣದ ಬಾಗಿಲು ಮುಟ್ಟುವಷ್ಟರಲ್ಲಿ ಹೊಟ್ಟೆ ಚುರುಗುಟ್ಟತೊಡಗಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. ಜಗತ್ತಿನಲ್ಲೇ ಉದ್ದದ್ದಂತೆ. ನನ್ನ ಬೋಗಿ ನಿಂತದ್ದು ಅದರ ತುದಿಯಲ್ಲಿ.

ಹೊಸ ಊರಿಗೆ ಹೋದರೆ ಅಲ್ಲಿನ ಹಳೆಯ ದೊಡ್ಡ ಹೋಟೆಲನ್ನು ನೋಡಿಬರುವುದು ನನ್ನ ಚಟ. ಮುಂಬೈಯ ತಾಜ್ 1903ರಲ್ಲಿ ತೆರೆಯಿತು. ಅದರೆದುರಿನ ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ. ಹೋಟೆಲೇ ಹಿರಿಯದು ಎಂದು ತಿಳಿದ ದಿನ ನಾನು ಅದನ್ನು ಬೇರೆ ಕಣ್ಣಿನಿಂದ ನೋಡಿದ್ದೆ. ಇಲ್ಲಿಯೂ ಅಂಥದ್ದೊಂದು ಇದ್ದೀತು ಎಂದು ಆಟೋದವರನ್ನು ಕೇಳಿದೆ.

"ದೊಡ್ಡ ಹೋಟೆಲ್ಲೇ? ಉಣ್ಣುವುದಕ್ಕೋ, ಮಲಗುವುದಕ್ಕೋ?"

ಸರಿಯಾದ ಪ್ರಶ್ನೆ. ನಮ್ಮಲ್ಲಿ ಹೋಟೆಲ್ ಎಂದರೆ ತಿನ್ನುವ ಜಾಗ, ಮಲಗುವುದಕ್ಕೆ ಲಾಡ್ಜ್. ಉಣ್ಣುವುದಕ್ಕೆ ಎಂದೆ. ಅವರು ದುರ್ಗದಬೈಲಿನ ಹತ್ತಿರದ ಓಣಿಯೊಂದರಲ್ಲಿ ಒಂದು ಖಾನಾವಳಿಯ ಮುಂದೆ ಇಳಿಸಿ ಹೋದರು.

ಒಳಗೆ ಆರು ಮೇಜು, ಗೋಡೆಗೆ ಬಸವಣ್ಣನ ಚಿತ್ರ. ಅಡುಗೆಮನೆಯಿಂದ ಪಟಪಟ ಸದ್ದು. ಇಣುಕಿದೆ. ಒಬ್ಬ ತಾಯಿ ಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಬಡಿಯುತ್ತ ತಿರುಗಿಸುತ್ತಿದ್ದರು. ಲಟ್ಟಣಿಗೆಯ ಸುದ್ದಿಯೇ ಇಲ್ಲ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಾಡಿಸಿ, ಮಗುಚಿ, ಕಡೆಗೆ ಬೆಂಕಿಗೆ ಒರಗಿಸಿದರು. ರೊಟ್ಟಿ ಉಬ್ಬಿ ನಿಂತಿತು. ತಟ್ಟೆಗೆ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು, ಜೊತೆಗೆ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ ಬಂದವು. ಬೆಣ್ಣೆಯನ್ನು ಕೇಳದೆಯೇ ಇಟ್ಟರು. ಮೂರನೆಯ ರೊಟ್ಟಿಗೆ ಬೇಡವೆಂದರೆ ಬೇಸರಪಟ್ಟುಕೊಂಡರು.

ಮರಾಠಿಯಲ್ಲಿ ಇದೇ ಖಾನಾವಳ. ಮುಂಬೈಯ ಗಿರಣಿ ಕಾರ್ಮಿಕರ ಹೊಟ್ಟೆ ತುಂಬಿಸಿದ್ದೂ ಅಂಥ ಮನೆಗಳೇ. ಈ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತಲ್ಲ, ಮಾತೂ ಊಟವೂ ಹಾಗೆ ಓಡಾಡಿದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಇಲ್ಲಿಗೆ ಬಂತು, ಕಾರ್ಯಾಗಾರ ಎದ್ದಿತು, ಹತ್ತಿ ವ್ಯಾಪಾರ ಬೆಳೆಯಿತು. ಮನೆ ಬಿಟ್ಟು ಬಂದ ಕೆಲಸಗಾರರಿಗೂ ವ್ಯಾಪಾರಿಗಳಿಗೂ ಯಾರಾದರೂ ಉಣಬಡಿಸಬೇಕಿತ್ತು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಹಳ್ಳಿಯ ಹುಡುಗರೂ ಸೇರಿಕೊಂಡರು. ಅವರದು ತಿಂಗಳ ಲೆಕ್ಕ. ಖಾರ ಬೇಕಾದವರು ಸಾವಜಿ ಖಾನಾವಳಿಗೆ ಹೋಗುತ್ತಾರೆ. ಪಟ್ಟೆಗಾರ ಸಮುದಾಯದ ಆ ಮಾಂಸದ ಅಡುಗೆಯ ಕೆಂಪು ಎಣ್ಣೆಯ ಮುಂದೆ ನಾನು ಅರ್ಧ ತಟ್ಟೆಗೇ ಸೋತವನು. ಅಷ್ಟೇ ಹೇಳುತ್ತೇನೆ.

ಸಂಜೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಲೈನ್ ಬಜಾರಿನ ಪೇಢೆ ಕೊಳ್ಳದೆ ಮರಳಿದರೆ ಮನೆಯಲ್ಲಿ ವಿಚಾರಣೆಯಾಗುತ್ತದೆ. ಉತ್ತರ ಪ್ರದೇಶದ ಉನ್ನಾವಿನಿಂದ ಬಂದ ಠಾಕೂರ್ ಮನೆತನದವರು ಕಲಿಸಿದ ಸಿಹಿ, ಈಗ ಊರಿನ ಗುರುತು. ರಾತ್ರಿ ತಂಗಿದ ಲಾಡ್ಜಿನಲ್ಲಿ ನಲ್ಲಿ ಗುರುಗುರು ಎಂದಿತು, ನೀರು ಬರಲಿಲ್ಲ. ಕೋಣೆಯ ಬಾಡಿಗೆ ಮಾತ್ರ ಮುಂಗಡವೇ ಕೊಟ್ಟಾಗಿತ್ತು.

ಮರುದಿನ ರೈಲು ಹತ್ತುವ ಮುಂಚೆ ಅದೇ ಓಣಿಗೆ ಹೋಗಿ ಖಡಕ್ ರೊಟ್ಟಿ ಕಟ್ಟಿಸಿಕೊಂಡೆ. ಹಾವೇರಿ ದಾಟುವಾಗ ಒಂದನ್ನು ಮುರಿದೆ. ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎದುರಿನ ಅಜ್ಜ ಕೈ ಚಾಚಿದರು.