ಯಾವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೊಳ್ಳಲಿ? ಮೊದಲು ಒಂದು ಪೆನ್ ಟಾರ್ಚ್ ಕೊಳ್ಳಿ

ಫಿಲ್ಮ್ ಛಾಯಾಗ್ರಹಣದಲ್ಲಿ ನನಗಿರುವ ಆಸಕ್ತಿ ತಿಳಿದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: “ಮೀಡಿಯಂ ಫಾರ್ಮ್ಯಾಟ್ ಶುರು ಮಾಡಬೇಕು. ಹ್ಯಾಸಲ್‌ಬ್ಲಾಡ್, ಮಾಮಿಯಾ, ಯಾಶಿಕಾ, ಇವುಗಳಲ್ಲಿ ಯಾವುದನ್ನು ಕೊಳ್ಳಲಿ?”

ಮೀಡಿಯಂ ಫಾರ್ಮ್ಯಾಟ್ ಎಂದರೆ ಸಾಮಾನ್ಯ 35 ಎಂಎಂಗಿಂತ ಅಗಲವಾದ ಫಿಲ್ಮ್ ಬಳಸುವ ಕ್ಯಾಮೆರಾಗಳು. ಆಸೆ ಸಹಜವಾದದ್ದೇ. 1901ರಲ್ಲಿ ಕೊಡಾಕ್ ತಂದ, ಈ ಕ್ಯಾಮೆರಾಗಳಿಗೆ ಹಾಕುವ 120 ಎಂಬ ಫಿಲ್ಮ್ ಇಂದಿಗೂ ಸಿಗುತ್ತದೆ. ಅದರ ಮೇಲೆ ಮೂಡುವ ಚೌಕದ ನೆಗೆಟಿವ್ 35 ಎಂಎಂ ನೆಗೆಟಿವ್‌ಗಿಂತ ಮೂರೂವರೆ ಪಟ್ಟಿಗೂ ದೊಡ್ಡದು. ಆದರೆ ಮಾರಾಟಕ್ಕೆ ಬರುವ ಕ್ಯಾಮೆರಾಗಳಲ್ಲಿ ಬಹುಪಾಲು ದಶಕಗಳಷ್ಟು ಹಳೆಯವು. ಇಷ್ಟು ವಯಸ್ಸಾದ ಮೇಲೆ ಕಂಪನಿಯ ಹೆಸರಿಗಿಂತ, ಕೈಯಲ್ಲಿರುವ ಆ ಒಂದು ಕ್ಯಾಮೆರಾ ಎಂಥ ಕಪಾಟಿನಲ್ಲಿ ಎಷ್ಟು ಮಳೆಗಾಲ ಕಳೆದಿದೆ ಎಂಬುದೇ ಮುಖ್ಯ. ಹೊರಗಿನ ಹೊಳಪು ಅದನ್ನು ಹೇಳುವುದಿಲ್ಲ, ಟಾರ್ಚ್ ಹೇಳುತ್ತದೆ.

ಟಾರ್ಚ್ ಕಣ್ಣು ಕುಕ್ಕುವಂತಿರಬಾರದು. ಸಾವಿರ ಲ್ಯೂಮೆನ್ (ಬೆಳಕಿನ ಅಳತೆ) ಬೆಳಕಿನಲ್ಲಿ ಹೊಸ ಲೆನ್ಸ್ ಕೂಡ ಧೂಳಿನ ಮುದ್ದೆಯಂತೆ ಕಾಣುತ್ತದೆ, ಒಳ್ಳೆಯದನ್ನೂ ಬೇಡವೆಂದು ಬಿಟ್ಟು ಬರುತ್ತೀರಿ. ಒಂದೆರಡು ಎಎಎ ಸೆಲ್‌ಗಳಿಂದ ಉರಿಯುವ, 50ರಿಂದ 100 ಲ್ಯೂಮೆನ್ ಕೊಡುವ, ಬೆಳಕನ್ನು ಇನ್ನೂ ತಗ್ಗಿಸಬಲ್ಲ ಪೆನ್ ಟಾರ್ಚ್ ಸಾಕು. ಬೆಳಕಿನ ವೃತ್ತ ಕಿರಿದಾಗಿರಲಿ, ಅದರೊಳಗೆ ಕಪ್ಪು ಉಂಗುರಗಳು ಇರದಿರಲಿ. ಬಣ್ಣವನ್ನು ನಿಜವಾಗಿ ತೋರಿಸುವ, ಸಿಆರ್‌ಐ (ಬಣ್ಣದ ನಿಖರತೆಯ ಅಂಕ) 90ಕ್ಕಿಂತ ಮೇಲಿರುವ ಎಲ್‌ಇಡಿ ಸಿಕ್ಕರೆ ಇನ್ನೂ ಒಳ್ಳೆಯದು, ಲೆನ್ಸಿನ ಗಾಜಿಗೆ ಬಳಿದ ಲೇಪನದ ಸಹಜ ನೇರಳೆ ಯಾವುದು, ಗಾಜು ಹಳದಿಯಾಗಿರುವುದು ಯಾವುದು ಎಂದು ಗೊತ್ತಾಗುತ್ತದೆ. ಮೊಬೈಲ್ ಬೆಳಕು ಸಾಲದೇ ಎನ್ನುತ್ತಾರೆ. ಅದು ಎಲ್ಲೆಡೆ ಚೆಲ್ಲುತ್ತದೆ, ಚಪ್ಪಟೆ ಫೋನನ್ನು ಕ್ಯಾಮೆರಾದ ಹಿಂಬದಿಯಿಂದ ಓರೆಯಾಗಿ ಒಳಗೆ ಹಿಡಿಯಲೂ ಆಗುವುದಿಲ್ಲ.

ಆ ಓರೆಯಲ್ಲೇ ಎಲ್ಲ ಇದೆ. ಹಿಂಬಾಗಿಲು ತೆರೆದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ಬಿಚ್ಚಿ, ಷಟರನ್ನು ಒತ್ತಿರುವಷ್ಟು ಹೊತ್ತೂ ತೆರೆದೇ ಇರುವ ‘ಬಿ’ಗೆ ಇಟ್ಟು ಒತ್ತಿ ಹಿಡಿಯಿರಿ. ಹಿಂದಿನಿಂದ ಬೆಳಕು ಬಿಟ್ಟು, ಮುಂದಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿ. ಬಿಡಿ ಚುಕ್ಕೆಗಳು ಧೂಳು, ಚಿತ್ರಕ್ಕೆ ಅವುಗಳಿಂದ ತೊಂದರೆಯಿಲ್ಲ. ಕವಲೊಡೆದು ಹಬ್ಬಿದ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ತೇವದಲ್ಲಿ, ಅದರಲ್ಲೂ ಚರ್ಮದ ಚೀಲದೊಳಗೆ ಇಟ್ಟು ಮರೆತ ಕ್ಯಾಮೆರಾಗಳಲ್ಲಿ ಇದು ಬಹಳ. ಗಾಜಿನ ಉದ್ದಗಲಕ್ಕೂ ಒಂದೇ ಸಮ ಮಂಜು ಕವಿದಂತಿದ್ದರೆ ಚಿತ್ರದ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನಂಥ ಬಳೆಗಳಿದ್ದರೆ ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ ಎಂದರ್ಥ. ಬೂಷ್ಟನ್ನು ಬೇಗ ಪತ್ತೆ ಹಚ್ಚಿದರೆ ಒರೆಸಬಹುದು, ಲೇಪನವನ್ನು ತಿಂದಿದ್ದರೆ ಆ ಗುರುತು ಹೋಗುವುದಿಲ್ಲ. ಅಂಟು ಬಿಟ್ಟದ್ದನ್ನು ನಾನಂತೂ ಮುಟ್ಟುವುದಿಲ್ಲ.

ಷಟರ್ ಮುಚ್ಚಿದಾಗ ಬ್ಲೇಡ್‌ಗಳ ಮೇಲೂ ಬೆಳಕು ಹಾಯಿಸಿ. ಎಣ್ಣೆಯ ಮಿನುಗು ಕಂಡರೆ ಅವು ಒಂದಕ್ಕೊಂದು ಅಂಟಿಕೊಳ್ಳುವ ದಿನ ದೂರವಿಲ್ಲ. ಒಂದು ಸೆಕೆಂಡಿನ ವೇಗಕ್ಕೆ ಇಟ್ಟು ಕಿವಿಗೊಡಿ: ಒಳಗಿನ ಹಲ್ಲುಚಕ್ರಗಳ ಗ್ರೀಸ್ ಒಣಗಿದ್ದರೆ ಸದ್ದು ಎಳೆಯುತ್ತದೆ, ಇಲ್ಲವೇ ನಡುವೆಯೇ ನಿಂತುಬಿಡುತ್ತದೆ.

ಈಗ ಹೆಸರು. ಮೊದಲ ಕ್ಯಾಮೆರಾ ಎಂದು ಕೇಳಿದರೆ ನಾನು ಹೇಳುವುದು ಯಾಶಿಕಾ ಮ್ಯಾಟ್ 124ಜಿ. 1970ರಿಂದ 1986ರವರೆಗೆ ತಯಾರಾದ ಎರಡು ಕಣ್ಣಿನ ಈ ಕ್ಯಾಮೆರಾಗೆ ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದು ಸತ್ತಿದ್ದರೂ ಷಟರ್ ಕೆಲಸ ಮಾಡುತ್ತದೆ, ಕೈ ಮೀಟರ್ ಬಳಸಿ. ಚಿತ್ರ ತೆಗೆಯುವುದು ಕೆಳಗಿನ 80 ಎಂಎಂ ಎಫ್/3.5 ಲೆನ್ಸ್. ಮೇಲಿನದು ನೋಡುವುದಕ್ಕೆ ಮಾತ್ರ, ಅದರಲ್ಲಿ ಅಲ್ಪಸ್ವಲ್ಪ ಬೂಷ್ಟಿದ್ದರೆ ಬೆಲೆ ಇಳಿಸಿ ಕೇಳಿ, ಕೊಳ್ಳಿ. ಆದರೆ ಅದೇ ಚೀಲದಲ್ಲಿದ್ದ ಕೆಳಗಿನ ಲೆನ್ಸನ್ನು ಇಮ್ಮಡಿ ಎಚ್ಚರದಿಂದ ನೋಡಿ. ಒಳಗಿನ ಕನ್ನಡಿಯನ್ನು ಬಟ್ಟೆಯಿಂದ ಉಜ್ಜಬೇಡಿ. ಅದರ ಹೊಳೆಯುವ ಲೇಪನ ಮೇಲ್ಮೈಯಲ್ಲೇ ಇದೆ. ಸೊಂಟದ ಎತ್ತರದಲ್ಲಿ ಹಿಡಿದು, ತಲೆ ಬಾಗಿಸಿ, ಎಡಬಲ ಅದಲುಬದಲಾದ ಬಿಂಬವನ್ನು ನೋಡುತ್ತಾ ಚೌಕಟ್ಟು ಕೂಡಿಸುವುದು ಎಷ್ಟು ಚೆನ್ನ! ಎದುರಿಗಿರುವ ಮನುಷ್ಯನೂ ಬಿಗಿಯಾಗುವುದಿಲ್ಲ.

ಹ್ಯಾಸಲ್‌ಬ್ಲಾಡ್ ಬೇಡವೇ? ಬಹಳ ಒಳ್ಳೆಯ ಯಂತ್ರ, ಮೊದಲನೆಯದಾಗಿ ಬೇಡ. ಬಾಡಿ, ಲೆನ್ಸ್, ಫಿಲ್ಮ್ ಬ್ಯಾಕ್ (ಫಿಲ್ಮ್ ಕೂರಿಸುವ ಹಿಂಬದಿಯ ಪೆಟ್ಟಿಗೆ) ಮೂರೂ ಬೇರೆ ಬೇರೆ, ಮೂರನ್ನೂ ಪರೀಕ್ಷಿಸಬೇಕು. ಲೆನ್ಸ್ ಮತ್ತು ಬಾಡಿಯಲ್ಲಿ ಒಂದು ಸಜ್ಜಾಗಿ (ಒಳಗಿನ ಸ್ಪ್ರಿಂಗ್ ಬಿಗಿದು) ಇನ್ನೊಂದು ಸಜ್ಜಾಗಿಲ್ಲದಾಗ ಜೋಡಿಸಿದರೆ ಸಿಕ್ಕಿಕೊಳ್ಳುತ್ತದೆ. ಸ್ಟುಡಿಯೋದಲ್ಲಿ ಭಾವಚಿತ್ರಗಳನ್ನಷ್ಟೇ ತೆಗೆಯುವವರಿಗೆ ಮಾಮಿಯಾ ಆರ್‌ಬಿ67 ಎನ್ನುತ್ತೇನೆ. ತೂಕ ಎರಡೂವರೆ ಕಿಲೋ ದಾಟುತ್ತದೆ, ಟ್ರೈಪಾಡ್ ಇಲ್ಲದೆ ಕಷ್ಟ. ಅದನ್ನು ನೋಡಲು ಹೋದಾಗ ಕತ್ತಲ ಕೋಣೆ ಕೇಳಿ. ಲೆನ್ಸ್ ತೆಗೆದು, ಬೆಲ್ಲೋಸನ್ನು (ಲೆನ್ಸನ್ನು ಮುಂದೆ ಹಿಂದೆ ಸರಿಸುವ ಮಡಿಕೆಗಳ ಚೀಲ) ಪೂರ್ತಿ ಹಿಗ್ಗಿಸಿ, ಟಾರ್ಚನ್ನು ಒಳಗೆ ಹಿಡಿದು ಮಡಿಕೆಗಳ ಮೂಲೆ ಮೂಲೆಗೂ ತಿರುಗಿಸಿ. ಹೊರಗೆ ಒಂದೇ ಒಂದು ಬೆಳಕಿನ ಚುಕ್ಕೆ ಕಂಡರೂ ಬೆಲ್ಲೋಸ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಟಾರ್ಚ್ ಹಿಡಿಯಲು ಮಾರುವವರು ಒಪ್ಪದಿದ್ದರೆ ಮಾತು ಬೆಳೆಸಬೇಡಿ, ಎದ್ದು ಬನ್ನಿ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಇನ್ನೂ ಇರಬಹುದು. ಅದಕ್ಕೂ ಇದೇ 120 ಫಿಲ್ಮ್, ಅದೂ ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತದೆ. ಒಳ್ಳೆಯ ಯಾಶಿಕಾ ಸಿಗುವವರೆಗೆ ಅದರಲ್ಲಿ ಒಂದು ರೋಲ್ ತೆಗೆಯಿರಿ.